ಗೇಟಿನ ಅಂಬಣ್ಣ ಹುಡುಕಿದ ತಳದ ಮೀನು

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಅಂಬಣ್ಣನ ಮನೆ ಎಲ್ಲಿ ಎಂದರೆ ಯಾವ ಅಂಬಣ್ಣ ಎಂದು ಕೇಳುತ್ತಾರೆ. ಗೇಟಿನ ಅಂಬಣ್ಣ ಎಂದರೆ ಕೈಹಿಡಿದು ಕರೆದೊಯ್ದು ತೋರಿಸುತ್ತಾರೆ. ಹದಿನೆಂಟು ವರ್ಷ ಅವನು ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ ಮಾಡಿದವನು. ನೀರು ಹೊತ್ತಿಗೆ ಸರಿಯಾಗಿ ಬಂದರೆ ಕೆಳಗಿನ ಹೊಲದವರು ಅವನನ್ನು ಹೊಗಳುತ್ತಿದ್ದರು, ಒಂದು ದಿನ ತಡವಾದರೆ ಅವನ ಮನೆಮಂದಿಯನ್ನೆಲ್ಲ ಸೇರಿಸಿ ಬೈಯುತ್ತಿದ್ದರು. ಎರಡಕ್ಕೂ ಅವನು ತಲೆ ಕೆಡಿಸಿಕೊಂಡವನಲ್ಲ.

ನಲವತ್ತಮೂರನೆಯ ವಯಸ್ಸಿನಲ್ಲಿ ಅವನ ಕಾಲುಗಳು ಊದಿದವು. ದಂಡೆಯ ಮೇಲೆ ಜಾಸ್ತಿ ನಿಂತದ್ದಕ್ಕೆ ಹಾಗಾಗಿದೆ ಎಂದುಕೊಂಡ. ಆಮೇಲೆ ಮುಖವೂ ಊದಿತು. ಹೆಂಡತಿ ಸವಿತಾ ಹಟ ಹಿಡಿದು ಶಹಾಪುರದ ದವಾಖಾನೆಗೆ ಕರೆದೊಯ್ದಳು. ಇದೆಯೆಂದು ಗೊತ್ತೇ ಇಲ್ಲದ ರಕ್ತದೊತ್ತಡ ಅಷ್ಟು ಹೊತ್ತಿಗಾಗಲೇ ಎರಡೂ ಕಿಡ್ನಿಗಳನ್ನು ತಿಂದು ಮುಗಿಸಿತ್ತು. ಅಂದಿನಿಂದ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು, ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು ಅವನು ಡಯಾಲಿಸಿಸ್ ಹಾಸಿಗೆಯ ಮೇಲೆ ಮಲಗುವಂತಾಯಿತು.

ಸೂಜಿಯ ನೋವಿಗೆ ಅವನು ಬೇಗ ಒಗ್ಗಿಕೊಂಡ. ಒಗ್ಗದೆ ಉಳಿದದ್ದು ಬಾಯಾರಿಕೆ. ಚಹಾ, ಬೇಳೆ, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್, ಅದಕ್ಕಿಂತ ಒಂದು ಗುಟುಕೂ ಹೆಚ್ಚು ಕುಡಿಯಬಾರದು ಎಂದಿದ್ದರು ಡಾಕ್ಟರು. ಸವಿತಾ ಬೆಳಿಗ್ಗೆ ಒಂದು ಬಾಟಲಿ ತುಂಬಿಡುತ್ತಿದ್ದಳು. ಊಟದ ಹೊತ್ತಿಗೆ ಅದು ಖಾಲಿ. ಒಂದು ಸಂಜೆ ಅವನು ಕಾಲುವೆಯ ಮೆಟ್ಟಿಲ ಮೇಲೆ ಕುಳಿತು ಬೊಗಸೆ ಬೊಗಸೆ ನೀರು ಬಾಯಿಗೆ ತುಂಬಿಕೊಳ್ಳುವುದು, ಮುಕ್ಕಳಿಸಿ ಉಗಿಯುವುದು, ಮತ್ತೆ ತುಂಬಿಕೊಳ್ಳುವುದು ಮಾಡುತ್ತಿದ್ದುದನ್ನು ಜತೆಯ ಕೆಲಸಗಾರ ನೀಲಕಂಠ ನೋಡಿದ. ಮಾತಾಡಿಸದೆ ಬೇರೆ ದಾರಿ ಹಿಡಿದು ಹೋದ.

ವಾರ್ಡಿನಲ್ಲಿ ಐದು ಹಾಸಿಗೆ. ಅಂಬಣ್ಣನ ಪಕ್ಕದ ಹಾಸಿಗೆಯವಳು ಕವಿತಾ. ಸುರಪುರದ ಹತ್ತಿರ ರಂಗಂಪೇಟೆಯ ಹುಡುಗಿ, ವಯಸ್ಸು ಇಪ್ಪತ್ತಮೂರು. ಟೀಚರ್ ಟ್ರೇನಿಂಗ್ ಮುಗಿಸಿದ್ದಳು, ಮದುವೆಯೂ ಗೊತ್ತಾಗಿತ್ತು. ರೋಗದ ಹೆಸರು ಕೇಳಿದ ಮೇಲೆ ಗಂಡಿನ ಕಡೆಯವರು ಮತ್ತೆ ಬರಲಿಲ್ಲ. ಅವಳ ಕೈಯಲ್ಲಿ ಸೂಜಿ ಹಾಕಲು ಮಾಡಿದ ದಾರಿ ಎರಡು ಸಲ ಮುಚ್ಚಿಹೋಗಿ, ಈಗ ಕುತ್ತಿಗೆಯಲ್ಲೇ ನಳಿಗೆ ಇಟ್ಟಿದ್ದರು. ತಾಯಿ ಹಣಮಮ್ಮ ಮನೆಯ ಕುರಿಗಳನ್ನು ಮೈದುನನಿಗೆ ಒಪ್ಪಿಸಿ, ಮೂರೂ ದಿನ ಮಗಳ ಜತೆ ಬಸ್ಸಿನಲ್ಲಿ ಬಂದು ಬಾಗಿಲ ಹೊರಗೆ ಕುಳಿತಿರುತ್ತಿದ್ದಳು. ತನ್ನದೊಂದು ಕಿಡ್ನಿ ತೆಗೆದುಕೊಳ್ಳಿರೆಂದು ಅವಳು ಹೇಳಿ ನೋಡಿದ್ದಳು. ಅವಳಿಗೇ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು ಆಗ.

ಆ ವರ್ಷ ಮಾರ್ಚಿನಲ್ಲಿ ವಾರ್ಡಿಗೆ ಒಂದು ಮೀನಿನ ತೊಟ್ಟಿ ಬಂತು. ಅಲ್ಲೇ ಮೂರು ವರ್ಷ ಮಲಗಿ ತೀರಿಕೊಂಡ ಒಬ್ಬ ಮಾಸ್ತರರ ಮನೆಯವರು ಕೊಟ್ಟದ್ದು. ಎರಡು ಅಡಿ ಉದ್ದದ ಗಾಜಿನ ಪೆಟ್ಟಿಗೆ, ಒಳಗೆ ಬಣ್ಣಬಣ್ಣದ ಕಲ್ಲು, ಗಪ್ಪಿ ಎಂಬ ಪುಟ್ಟ ಮೀನು ಹದಿನಾಲ್ಕು. ಸೋಂಕಿನ ಭಯಕ್ಕೆ ಟೆಕ್ನಿಷಿಯನ್ ಮಲ್ಲಿನಾಥ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊರಗಿನ ಕಾರಿಡಾರಿನಲ್ಲಿ, ವಾರ್ಡಿನ ಗಾಜಿನ ಗೋಡೆಗೆ ತಾಗಿಸಿ ಬೆಂಚಿನ ಮೇಲೆ ಇರಿಸಿದ. ಆ ಗಾಜಿಗೆ ಬಿಸಿಲು ತಡೆಯಲು ಮೇಲಿಂದ ಅರ್ಧಕ್ಕೆ ಬಿಳಿ ಹಾಳೆ ಅಂಟಿಸಿದ್ದರು. ಮಲಗಿದವರಿಗೆ ತೊಟ್ಟಿಯ ಕೆಳಗಿನ ಒಂದು ಗೇಣು ಮಾತ್ರ ಕಾಣುತ್ತಿತ್ತು. ಇನ್ನೂ ಕೆಳಗಿಡೋಣವೆಂದರೆ ಕಾರಿಡಾರಿನಲ್ಲಿ ಸ್ಟ್ರೆಚರುಗಳ ಓಡಾಟ.

"ಕಾಕಾ, ಮೀನ ಎಲ್ಲಾ ಮ್ಯಾಲ ಅಡ್ಡಾಡ್ತಾವ," ಎಂದಳು ಕವಿತಾ. "ನಾವ್ ನಾಕ ತಾಸ ನೋಡೂದು ಬರೇ ಕಲ್ಲು. ತಳದಾಗ ಇರೂ ಮೀನ ಇರಂಗಿಲ್ಲೇನು?"

"ಯಾಕಿಲ್ಲವ್ವಾ. ನಮ್ಮ ಕಾಲುವ್ಯಾಗ ಬೇಕಾದಷ್ಟ ಅವ. ಬುಧವಾರ ತರ್ತೀನಿ."

ನೀಲಕಂಠನ ಬಲೆಯಲ್ಲಿ ಬೆರಳುದ್ದದ ಮೀಸೆಮೀನು ಬಿತ್ತು. ಬಕೆಟ್ಟಿಗೆ ಹಾಕಿದ ಕೂಡಲೇ ತಳಕ್ಕೆ ಹೋಗಿ ಕುಳಿತಿತು. ಅಂಬಣ್ಣ ನೋಡಿದ್ದು ಅಷ್ಟೇ. ಅದರ ಬಾಯಿ ಎಷ್ಟು ಅಗಲ, ಬೆಳೆದರೆ ಎಷ್ಟಾಗುತ್ತದೆ, ಏನು ತಿನ್ನುತ್ತದೆ ಎಂದು ಅವನು ಯೋಚಿಸಲಿಲ್ಲ. ಬುಧವಾರ ಬೆಳಿಗ್ಗೆ ತೊಟ್ಟಿಗೆ ಬಿಟ್ಟ. ಅದು ಕಲ್ಲಿನ ಮೇಲೆ ಮೀಸೆ ಆಡಿಸುತ್ತ ಅತ್ತಿಂದಿತ್ತ ಸರಿದಾಡಿತು. ಕವಿತಾ ನಾಲ್ಕು ತಾಸೂ ಕಣ್ಣು ಕೀಳಲಿಲ್ಲ.

ಶುಕ್ರವಾರ ಅವನು ಬಂದಾಗ ಹಣಮಮ್ಮ ತೊಟ್ಟಿಯ ಮುಂದೆ ನಿಂತಿದ್ದಳು. ಗಪ್ಪಿ ಎರಡೇ ಉಳಿದಿದ್ದವು. ಮೀಸೆಮೀನಿನ ಹೊಟ್ಟೆ ಬಿರಿಯುವಂತೆ ಉಬ್ಬಿ, ಅದು ಮೂಲೆಯಲ್ಲಿ ಅಲುಗಾಡದೆ ಬಿದ್ದಿತ್ತು.

ಅಂಬಣ್ಣ ಒಳಗೆ ಹೋಗಿ ತನ್ನ ಹಾಸಿಗೆಯ ಮೇಲೆ ಕುಳಿತ. ಕವಿತಾಳ ಕಡೆ ತಿರುಗುವ ಧೈರ್ಯ ಬರಲಿಲ್ಲ.

"ನಂದ ತಪ್ಪಾತವ್ವಾ," ಎಂದ.

"ಹಸದಿತ್ತು, ತಿಂತು," ಎಂದಳು ಅವಳು. "ಅದರದೇನ ತಪ್ಪು? ನಿಮ್ದೇನ ತಪ್ಪು?"

ಮಾತು ಮೆತ್ತಗೇ ಇತ್ತು. ಆದರೆ ಅಂದು ಅವಳು ನಾಲ್ಕು ತಾಸೂ ತೊಟ್ಟಿಗೆ ಬೆನ್ನು ಮಾಡಿ ಮಲಗಿದಳು. ಬೈದಿದ್ದರೆ ಅಂಬಣ್ಣನಿಗೆ ಹಗುರಾಗುತ್ತಿತ್ತು. ಹನ್ನೆರಡು ಮೀನು ಎಂದು ಅವನ ಮನಸ್ಸು ಮತ್ತೆ ಮತ್ತೆ ಎಣಿಸುತ್ತಿತ್ತು. ಹದಿನೆಂಟು ವರ್ಷ ನೀರಿನ ದಂಡೆಯ ಮೇಲೆ ನಿಂತವನಿಗೆ ನೀರೊಳಗಿನದು ಏನೂ ಗೊತ್ತಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮಂಗಳವಾರ ಸೂಜಿಯ ದಿನವಲ್ಲ. ಸವಿತಾ ಬೇಡವೆಂದರೂ ಕೇಳದೆ ಕಲಬುರಗಿಯ ಬಸ್ಸು ಹತ್ತಿದ. ಮೂರು ತಾಸಿನ ದಾರಿಗೆ ಅರ್ಧ ಬಾಟಲಿ ನೀರು. ಅಲ್ಲಿ ಅಲಂಕಾರದ ಮೀನು ಮಾರುವ ಅಂಗಡಿ ಹುಡುಕಿ ಹೋದ. ಅಂಗಡಿಯ ಹಣಮೇಶ ಮಾತು ಕಡಿಮೆಯವನು, ಆದರೆ ಸುಳ್ಳು ಹೇಳದವನು.

"ತೊಟ್ಟಿ ಎಷ್ಟದರಿ?"

"ಎರಡ ಫೂಟ್."

"ಅದರಾಗ ಏನೇನವ?"

"ಗಪ್ಪಿ. ಈಗ ಎರಡ ಉಳದಾವ." ನಡೆದದ್ದನ್ನು ಅಂಬಣ್ಣ ಮುಚ್ಚಿಡದೆ ಹೇಳಿದ. ಹಣಮೇಶ ನಗಲಿಲ್ಲ.

ಗೋಡೆಗುಂಟ ಇದ್ದ ತೊಟ್ಟಿಗಳನ್ನು ಒಂದೊಂದಾಗಿ ತೋರಿಸುತ್ತ ಹೋದ. ಗಾಜಿಗೆ ಬಾಯಿ ಅಂಟಿಸಿಕೊಂಡಿದ್ದ ಕರಿ ಸಕ್ಕರ್ ಮೀನು ಪಾಚಿ ತಿನ್ನುತ್ತದೆಂದು ಎಲ್ಲರೂ ಒಯ್ಯುತ್ತಾರೆ, ಆದರೆ ಅದು ಮೊಳದುದ್ದ ಬೆಳೆಯುತ್ತದೆ, ತಿನ್ನುವುದಕ್ಕಿಂತ ಹೊಲಸು ಮಾಡುವುದೇ ಹೆಚ್ಚು. ಪಟ್ಟೆಪಟ್ಟೆಯದು ಚೆಂದ ಕಾಣುತ್ತದೆ, ಆದರೆ ಜಗಳಗಂಟಿ, ಗಪ್ಪಿಯ ಬಾಲ ಕಚ್ಚುತ್ತದೆ. ಇನ್ನೊಂದು ತೊಟ್ಟಿಯಲ್ಲಿ ಹೆಬ್ಬೆರಳಷ್ಟೇ ಇದ್ದ ಕೋರಿ ಎಂಬ ಪುಟ್ಟ ಮೀನುಗಳು ಗುಂಪುಗುಂಪಾಗಿ ತಳವನ್ನು ಮೂಸುತ್ತಿದ್ದವು. ಅಂಬಣ್ಣ ಅಲ್ಲಿಯೇ ನಿಂತ.

"ಇವು ಕೊಡ್ರಿ."

"ಕೊಡಂಗಿಲ್ಲರಿ," ಎಂದ ಹಣಮೇಶ. "ಸ್ವಭಾವಕ್ಕ ಇವು ದೇವರಂಥಾವು. ಆದರ ತಂಪ ನೀರ ಬೇಕು. ನಿಮ್ಮ ತೊಟ್ಟಿ ಏಸಿ ಇಲ್ಲದ ಕಾರಿಡಾರಿನ್ಯಾಗ ಅದ ಅಂತೀರಿ. ನಿಮ್ಮ ಕಡಿ ಏಪ್ರಿಲ್ ಬಿಸಲಿಗೆ ನಾಕ ದಿನ ಬದುಕಂಗಿಲ್ಲ. ಸಾಯೂದ ನೋಡಾಕ ಒಯ್ತೀರೇನು?"

ಅಂಬಣ್ಣ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಹಣಮೇಶ ನೀರು ಕೊಡಲು ಬಂದ. ಅಂಬಣ್ಣ ಬೇಡವೆಂದು ಕೈಯಾಡಿಸಿ, ಅಂಗಿಯ ತೋಳು ಸರಿಸಿ ಡಯಾಲಿಸಿಸ್ ಸೂಜಿಗೆ ಉಬ್ಬಿದ ನರ ತೋರಿಸಿದ. ಹಣಮೇಶ ಲೋಟ ಹಿಂದಕ್ಕೆ ಇಟ್ಟು ಎದುರಿಗೆ ಕುಳಿತು, ಈ ಸಲ ಬಿಡಿಸಿ ಹೇಳಿದ. ತಳದ ಮೀನು ಆರಿಸುವಾಗ ಮೊದಲು ಬಾಯಿ ನೋಡಬೇಕು. ಬಾಯಿ ಸಣ್ಣದಿದ್ದು ಕೆಳಮುಖ ಇದ್ದರೆ ಅದು ಮಣ್ಣು ಕೆದರಿ ತಿನ್ನುವುದು, ಅಗಲವಾಗಿ ಮುಂದಕ್ಕಿದ್ದರೆ ಜತೆಯ ಮೀನನ್ನು ನುಂಗುವುದು. ಬೆಳೆದ ಮೇಲೂ ಬೆರಳು ದಾಟಬಾರದು. ಒಂಟಿಯಾಗಿ ತರಬಾರದು, ಐದಾರು ಇದ್ದರೆ ಹೆದರಿಕೆ ಬಿಡುತ್ತವೆ. ಚೂಪು ಕಲ್ಲಿನ ಮೇಲೆ ಅವುಗಳ ಮೀಸೆ ಸವೆದು ಹುಣ್ಣಾಗುತ್ತದೆ, ನುಣ್ಣನೆಯ ಉಸುಕು ಹಾಕಬೇಕು. ಮೇಲಿನ ಮೀನು ಬಿಟ್ಟ ಎಂಜಲಲ್ಲಿ ಅವು ಬದುಕುವುದಿಲ್ಲ, ತಳಕ್ಕೆ ಮುಳುಗುವ ತಿನಿಸು ಬೇರೆಯೇ ಹಾಕಬೇಕು. ಎಲ್ಲಿಂದ ತಂದರೂ ಹತ್ತು ದಿನ ಬೇರೆ ಪಾತ್ರೆಯಲ್ಲಿಟ್ಟು ರೋಗವಿಲ್ಲವೆಂದು ನೋಡಬೇಕು.

"ನಿಮ್ಮ ಬಿಸಲಿಗೆ ನಿಮ್ಮ ಕಡಿ ಹಳ್ಳದ ಮೀನ ಸರಿ," ಎಂದ ಕೊನೆಗೆ. "ಉಸುಕಿನ್ಯಾಗ ಹುಗಕೊಂಡ ಇರ್ತಾವಲ್ಲ, ಚುಕ್ಕಿ ಚುಕ್ಕಿ ಇದ್ದದ್ದು, ನೋಡೀರೇನು?"

ನೋಡಿದ್ದ. ಸಣ್ಣವನಿದ್ದಾಗ ಹಳ್ಳದಲ್ಲಿ ನಿಂತರೆ ಕಾಲಡಿಗೆ ಸರಕ್ಕನೆ ಜಾರುತ್ತಿದ್ದವು. ಅವನ್ನು ಯಾರೂ ಹಿಡಿಯುತ್ತಿರಲಿಲ್ಲ, ಸಾರಿಗೆ ಸಾಲುವ ಮೀನಲ್ಲ ಅದು.

ಗುರುವಾರ ನೀಲಕಂಠ ಅವನನ್ನು ಮೋಟಾರ್ ಸೈಕಲ್ಲಿನ ಮೇಲೆ ಹಳ್ಳಕ್ಕೆ ಕರೆದೊಯ್ದ. ಹಳ್ಳ ಬತ್ತುತ್ತ ಬಂದು ಅಲ್ಲಲ್ಲಿ ಮೊಣಕಾಲುದ್ದದ ಮಡು ಉಳಿದಿತ್ತು. ಅಂಬಣ್ಣ ದಂಡೆಯಲ್ಲಿ ಕುಳಿತು ಜಾಗ ತೋರಿಸಿದ. ನೀಲಕಂಠ ಸಾಣಿಗೆಯಲ್ಲಿ ಉಸುಕು ಎತ್ತಿ ಎತ್ತಿ ಸೋಸಿದ. ಮಧ್ಯಾಹ್ನದವರೆಗೆ ಸಿಕ್ಕಿದ್ದು ಏಳು. ಒಂದೊಂದನ್ನೂ ಅಂಗೈಯ ನೀರಿನಲ್ಲಿ ಹಿಡಿದು ಅಂಬಣ್ಣ ಬಾಯಿ ನೋಡಿದ. ಎಳ್ಳುಕಾಳಿನಷ್ಟು ಬಾಯಿ, ಕೆಳಮುಖ. ಮೈತುಂಬ ಉಸುಕಿನದೇ ಬಣ್ಣದ ಚುಕ್ಕೆ.

"ಇಷ್ಟ ಸಣ್ಣ ಮೀನಿಗೆ ಇಷ್ಟ ತ್ರಾಸೇನೋ," ಎಂದ ನೀಲಕಂಠ.

"ಹೂಂ," ಎಂದ ಅಂಬಣ್ಣ.

ಮನೆಯ ಹಿತ್ತಲಲ್ಲಿ, ಬೇವಿನ ನೆರಳಿಗೆ ಟಬ್ಬಿಟ್ಟು ಹತ್ತು ದಿನ ಎಣಿಸತೊಡಗಿದ. ಮೂರನೆಯ ದಿನ ಒಂದು ಸತ್ತಿತು. ವಾರ್ಡಿನಲ್ಲಿ ಕವಿತಾ ಬಂದಾಗಲೆಲ್ಲ ಕೇಳುತ್ತಿದ್ದಳು.

"ತಂದಿರೇನು ಕಾಕಾ?"

"ಇನ್ನ ಒಂದ ವಾರವ್ವಾ. ಮತ್ತೊಮ್ಮೆ ತಪ್ಪ ಮಾಡಂಗಿಲ್ಲ."

ಆ ವಾರದಲ್ಲಿ ಅವಳಿಗೆ ಎರಡು ಸಲ ಮಷಿನಿನ ಮೇಲೆ ಇರುವಾಗಲೇ ಚಳಿಜ್ವರ ಬಂತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಕುತ್ತಿಗೆಯ ನಳಿಗೆಯಲ್ಲಿ ಸೋಂಕಿದೆ ಎಂದು ಡಾಕ್ಟರು ಇಂಜೆಕ್ಷನ್ ಬದಲಿಸಿದರು. ಅಂಬಣ್ಣನಿಗೆ ಟಬ್ಬಿನ ಮೀನು ಅಂದೇ ತಂದುಬಿಡಲೇ ಎನಿಸಿತು. ರೋಗವಿದ್ದರೆ ಉಳಿದೆರಡು ಗಪ್ಪಿಯೂ ಸತ್ತಾವು ಎಂದು ತಡೆದುಕೊಂಡ. ಮುಂದೆ ಬಹಳ ದಿನ ಆ ಒಂದು ವಾರ ಅವನನ್ನು ಕಾಡಿತು.

ಹತ್ತು ದಿನ ತುಂಬಿದ ಮೇಲಿನ ಸೋಮವಾರ ಅವನೂ ಮಲ್ಲಿನಾಥನೂ ಬಣ್ಣದ ಕಲ್ಲು ತೆಗೆದು, ತೊಳೆದ ಉಸುಕು ಹಾಕಿದರು. ಮೀಸೆಮೀನು ಎಂದೋ ಕಾಲುವೆ ಸೇರಿತ್ತು. ಆರು ಮೀನುಗಳನ್ನು ಬಿಟ್ಟದ್ದೇ ತಡ, ಕಣ್ಣು ಪಿಳುಕಿಸುವಷ್ಟರಲ್ಲಿ ಆರೂ ಉಸುಕಿನೊಳಗೆ ಹೋಗಿ ಮಾಯವಾದವು.

ಒಂದು ತಾಸು ಕಳೆಯಿತು, ಎರಡು ತಾಸು ಕಳೆಯಿತು. ಗಾಜಿನಾಚೆ ಬೋಳು ಉಸುಕು ಬಿಟ್ಟು ಏನೂ ಇಲ್ಲ. ಅಂಬಣ್ಣ ಕತ್ತೆತ್ತಿ ಮತ್ತೆ ಮತ್ತೆ ನೋಡಿದ.

"ಅವಕ್ಕೂ ಹೊಸ ಜಾಗ ಅಲ್ಲೇನು," ಎಂದಳು ಕವಿತಾ. ಅವಳ ಧ್ವನಿ ಕುಗ್ಗಿತ್ತು. "ನಾನೂ ಮೊದಲ ದಿನ ಚಾದರ ಮುಸುಕ ಹೊದ್ದಕೊಂಡ ಮಲಗಿದ್ದೆ."

ಮೂರನೆಯ ತಾಸಿನಲ್ಲಿ ಉಸುಕು ಒಂದೆಡೆ ಅಲುಗಿತು. ಮೊದಲು ಎರಡು ಕಣ್ಣು, ಆಮೇಲೆ ಮೂತಿ. ಮೀನು ಅರ್ಧ ಮೈ ಹೊರಹಾಕಿ, ಮೀಸೆಯಿಂದ ಸುತ್ತ ತಡವಿ, ಒಂದು ಕಾಳು ಉಸುಕು ಬಾಯಲ್ಲಿ ಹಾಕಿಕೊಂಡು ಉಗುಳಿತು. ಕವಿತಾ ಮೆಲ್ಲಗೆ ಕೈ ಎತ್ತಿ ಅಂಬಣ್ಣನಿಗೆ ತೋರಿಸಿದಳು. ಅದು ಐದಾರು ನಿಮಿಷ ಹೊರಗಿದ್ದು ಮತ್ತೆ ಒಳಗೆ ಹೋಯಿತು.

ಬುಧವಾರ ಕವಿತಾ ಬರಲಿಲ್ಲ. ಜ್ವರ ನೆತ್ತಿಗೇರಿ ಮಂಗಳವಾರವೇ ಕಲಬುರಗಿಗೆ ಒಯ್ದಿದ್ದಾರೆ ಎಂದ ಮಲ್ಲಿನಾಥ. ಸೋಂಕು ರಕ್ತಕ್ಕೆ ಇಳಿದಿತ್ತಂತೆ. ಶುಕ್ರವಾರವೂ ಅವಳ ಹಾಸಿಗೆ ಖಾಲಿ ಇತ್ತು. ಸೋಮವಾರ ಅದಕ್ಕೆ ಹೊಸ ಹೊದಿಕೆ ಹಾಸಿದ್ದರು. ಸೂಜಿ ಚುಚ್ಚುವಾಗ ಮಲ್ಲಿನಾಥ ಒಂದು ಕ್ಷಣ ಅಂಬಣ್ಣನ ಹೆಗಲ ಮೇಲೆ ಕೈ ಇಟ್ಟ.

ಹದಿನೈದು ದಿನದ ಮೇಲೆ ಹಣಮಮ್ಮ ಯಾವುದೋ ಕಾಗದಕ್ಕೆ ದವಾಖಾನೆಯ ಸಹಿ ಬೇಕೆಂದು ಬಂದಳು. ಒಬ್ಬಳೇ ಬಂದಿದ್ದಳು. ಕಾರಿಡಾರಿನಲ್ಲಿ ಅಂಬಣ್ಣನನ್ನು ಕಂಡು ಪಕ್ಕದಲ್ಲಿ ಕುಳಿತಳು.

"ಊಟ ಆತೇನಣ್ಣಾ?"

"ಆತಕ್ಕಾ."

ಅವಳು ಕೈಯಲ್ಲಿದ್ದ ಕಾಗದ ಮಡಚಿದಳು.

"ಅಲ್ಲಿ ಐಸಿಯುದಾಗ ಒಮ್ಮೆ ಎಚ್ಚರಾಗಿದ್ಲು," ಎಂದಳು ಹಣಮಮ್ಮ. "ಆರೂ ಹೊರಗ ಬಂದಾವೇನು ಅಂತ ಕೇಳಿದ್ಲು. ಹೂಂ ಬಂದಾವ ಅಂದ್ನಿ. ಆ ಹೊತ್ತಿನ್ಯಾಗ ನನಗೇನ ಹೊಳೀತದ, ಏನ ಆರು, ಏನ ಹೊರಗ. ಕೇಳಾಕತ್ತಾಳ, ಹೂಂ ಅನ್ನಬೇಕಲ್ಲ."

ಅಂಬಣ್ಣ ಅವಳಿಗೆ ತೊಟ್ಟಿ ತೋರಿಸಲು ಎದ್ದ. ಆದರೆ ಬಸ್ಸಿನ ಹೊತ್ತಾಯಿತೆಂದು ಅವಳು ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಬಿಟ್ಟಳು.

ಕವಿತಾಳ ಹಾಸಿಗೆಗೆ ಹತ್ತಿಕುಣಿಯ ಪಂಪಣ್ಣ ಎಂಬ ಮುದುಕ ಬಂದ. ಮೊದಲ ದಿನ ರಕ್ತ ನಳಿಗೆಯಲ್ಲಿ ಹೋಗುವುದನ್ನು ನೋಡಲಾರದೆ ಅಂಬಣ್ಣನ ಕಡೆ ಹೊರಳಿದ.

"ತಮ್ಮಾ, ಇದು ಎಷ್ಟ ದಿನಾ ಮಾಡಬೇಕಪಾ? ಕಮ್ಮಿ ಆಗತದಲ್ಲ?"

ಹಗುರ ಮಾತು ಹೇಳಿ ತಪ್ಪಿಸಿಕೊಳ್ಳುವುದು ಅಂಬಣ್ಣನಿಗೆ ಬರುತ್ತಿರಲಿಲ್ಲ.

"ಕಮ್ಮಿ ಆಗೂದಲ್ರಿ ಇದು," ಎಂದ. "ನಾ ಬಂದಾಗ ಇಲ್ಲಿ ಐದ ಮಂದಿ ಇದ್ವಿ. ಈಗ ಅವರಾಗ ನಾನೊಬ್ಬ ಇದೀನಿ. ಇದು ನಾಕನೇ ವರ್ಷ."

ಪಂಪಣ್ಣ ಮುಖ ಹೊರಳಿಸಿ ಗಾಜಿನಾಚೆಯ ಉಸುಕನ್ನು ನೋಡತೊಡಗಿದ. ಮಲ್ಲಿನಾಥ ಬಂದು ಅಂಬಣ್ಣನ ಮಷಿನಿನ ಅಂಕಿ ನೋಡಿ, ಇನ್ನೂ ಎರಡು ತಾಸು ಇದೆ, ಮಲಗಿರಿ ಎಂದು ಹೇಳಿ ಹೋದ.