ಗುಜರಾತಿ ಅಕ್ಷರದಲ್ಲಿ ಅಕ್ಕನ ಕನ್ನಡ

ವಡೋದರಾದ ಆಲ್ಕಾಪುರಿಯಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಕೆಳಗೇ ಕುಂದಾಪುರದ ಅಕ್ಕನೊಬ್ಬರ ಹೋಟೆಲು. ಕೆಳಗೆ ನನ್ನ ಊಟ, ಮೇಲೆ ನನ್ನ ಹುಚ್ಚು: ಪತ್ರಿಕೆಯೊಂದರ ಜೊತೆ ಉಚಿತವಾಗಿ ಬಂದ ಸಿ.ಡಿ.ಯಿಂದ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡು ಕೈಯಾರೆ ಕಟ್ಟಿದ ಸ್ವಂತ ವೆಬ್‌ಸೈಟು. ಎಲ್ಲ ಪುಟಗಳಿಗೂ ಒಂದೇ ತಲೆಬರಹ ಅಂಟಿಸಲು ನಾನೇ ಬರೆದ ಪುಟ್ಟ ಸ್ಕ್ರಿಪ್ಟ್ ಬಗ್ಗೆ ನನಗೆ ಎಲ್ಲಿಲ್ಲದ ಜಂಬ. ಓದುವವರು ಮಾತ್ರ ಯಾರೂ ಇರಲಿಲ್ಲ.

ಅಕ್ಕನ ಮಗಳು ಸೂರತ್ತಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಕಿವಿಗೆ ಅಷ್ಟಿಷ್ಟು ಗೊತ್ತು, ನಾಲಿಗೆಗೆ ಇಲ್ಲ, ಅಕ್ಷರವಂತೂ ದೂರದ ಮಾತು. ಅಕ್ಕ ಕನ್ನಡದಲ್ಲಿ ಶುರು ಮಾಡಿದರೂ ಅವಳು ಗುಜರಾತಿಗೇ ಎಳೆಯುತ್ತಿದ್ದಳು; ಫೋನಿನಲ್ಲಿ ಇಬ್ಬರೂ ಗುಜರಾತಿಯಲ್ಲಿ ಊಟ ಆಯಿತೇ ಎಂದು ಕೇಳಿಕೊಂಡರೆ ಮುಗಿಯಿತು.

"ಗಿರಾಕಿ ಹತ್ರ ಆಡೂ ಭಾಷಿಯಂಗೆ ಮಗಳನ್ ಮುದ್ ಮಾಡುಕ್ ಆತಿಲ್ಲ ಮಾರಾಯ," ಎಂದರು ಅಕ್ಕ ಒಮ್ಮೆ. ಕಣ್ಣು ತುಂಬಿತ್ತು.

ಆಗ ಒಂದು ಉಪಾಯ ಹೊಳೆಯಿತು. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಅಕ್ಕ ಮಗಳಿಗೆ ಹೇಳಬೇಕಾದ್ದನ್ನು ತಮ್ಮ ಮಾತಿನಲ್ಲೇ ಹೇಳುವುದು. ನಾನು ಅದನ್ನು ಹಾಗೇ ಗುಜರಾತಿ ಅಕ್ಷರದಲ್ಲಿ ಟೈಪ್ ಮಾಡಿ ಸೈಟಿಗೆ ಏರಿಸುವುದು. ಮಗಳಿಗೆ ಸೈಟಿನ ವಿಳಾಸ ಕಳಿಸಿದೆವು. ತಲೆಗೆ ಎಣ್ಣೆ ಹಚ್ಚು, ಹಸಿದುಕೊಂಡು ಪರೀಕ್ಷೆಗೆ ಹೋಗಬೇಡ, ಇಂಥವೇ. ಅಕ್ಕ ಮತ್ತೆ ಮತ್ತೆ ಬರೆಸುತ್ತಿದ್ದದ್ದು ಒಂದು: "ಬೆವ್ರ್ ಆರೂಕ್ ಮೊದ್ಲ್ ಫ್ಯಾನಿನಡಿ ಕೂಕಣ್ಬೇಡ ಮಗಾ."

"ಹೆಣ್ ಓದಿತಾ?" ಎಂದು ಪ್ರತಿ ವಾರ ಕೇಳುತ್ತಿದ್ದರು. ನನಗೇನು ಗೊತ್ತು! ಬಂದವರನ್ನು ಎಣಿಸುವ ಕೌಂಟರ್ ಬರೀ ಶೋಕಿ ಎಂದು ನಾನೇ ಹಾಕಿರಲಿಲ್ಲ. ಅವಳನ್ನೇ ಕೇಳೋಣವೆಂದರೆ ಅಕ್ಕ ಬಿಡಲಿಲ್ಲ. ಕೇಳಿದರೆ ಓದದಿದ್ದರೂ ಹೌದು ಎಂದುಬಿಡುತ್ತಾಳೆ, ಅದರಲ್ಲೇನಿದೆ ಎಂದರು. ನಾನು ಸುಮ್ಮನೆ ಹೊಸ ಪುಟ ಏರಿಸುತ್ತಿದ್ದೆ.

ದೀಪಾವಳಿ ರಜೆಗೆ ಮಗಳು ಬಂದಳು. ಬಾಯಿ ಬಿಟ್ಟರೆ ಗುಜರಾತಿಯೇ. ನನಗೆ ಒಳಗೊಳಗೇ ಸಿಟ್ಟು ಬಂತು. ಅಕ್ಕ ಮಾತ್ರ ಏನೂ ಕೇಳದೆ ಅವಳಿಗೆ ನೀರುದೋಸೆ ಹೊಯ್ದು ಬಡಿಸಿದರು.

ಮರುದಿನ ಮಧ್ಯಾಹ್ನ ನಾನು ಉಣ್ಣುತ್ತಿದ್ದೆ. ಅಕ್ಕ ಒಲೆಯ ಮುಂದಿನಿಂದ ಬಂದು, ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತ, ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡರು. ಪಕ್ಕದ ಮೇಜಿನಲ್ಲಿ ಓದುತ್ತಿದ್ದ ಮಗಳು ತಲೆ ಎತ್ತಿ ಗದರಿದಳು:

"ಬೆವ್ರ್ ಆರೂಕ್ ಮೊದ್ಲ್ ಫ್ಯಾನಿನಡಿ ಕೂಕಣ್ಬೇಡ ಮಗಾ!"

ತಾಯಿಯನ್ನು ಹಾಗೆ ಕರೆಯುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ಪುಟದಲ್ಲಿ ಹಾಗೇ ಇತ್ತು. ಅಕ್ಕ ತಿದ್ದಲಿಲ್ಲ.

"ಆಯ್ತ್ ಅಮ್ಮಾ," ಎಂದು ಎದ್ದು ಹೋಗಿ ಫ್ಯಾನ್ ಆರಿಸಿದರು.