ಇಳಕಲ್ ಸೀರೆಗೆ ಬಂದ ಭರಣಿ

ಮೊನ್ನೆ ಸೊಸೆ ಅಡುಗೆಮನೆಯ ಅಟ್ಟ ಸ್ವಚ್ಛ ಮಾಡಲು ನಿಂತಳು. ಅವಳು ಸೆರಗು ಸಿಕ್ಕಿಸಿಕೊಂಡು ನಿಂತಳೆಂದರೆ ಮುಗಿಯಿತು, ಮನೆಯಲ್ಲಿ ನನ್ನೊಬ್ಬಳನ್ನು ಬಿಟ್ಟು ಹಳೆಯದೊಂದೂ ಉಳಿಯುವುದಿಲ್ಲ. ತೂತುಬಿದ್ದ ಜರಡಿ, ಹಿಡಿಕೆ ಇಲ್ಲದ ಕುಕ್ಕರ್ ಎಲ್ಲ ಇಳಿದ ಮೇಲೆ ಕೊನೆಗೆ ಉಪ್ಪಿನಕಾಯಿಯ ಭರಣಿ ಇಳಿಯಿತು. ಕುತ್ತಿಗೆಯವರೆಗೆ ಬಿಳಿ, ಮೇಲೆ ಕಂದು. ಮುಚ್ಚಳದ ಅಂಚು ಚಕ್ಕೆ ಎದ್ದಿದೆ.

"ಅತ್ತಿ, ಇದನ್ನ ಭಂಗಾರವಾಲಾಗ ಕೊಟ್ಟಬಿಡ್ಲೇನ್ರಿ? ಕ್ರ್ಯಾಕ್ ಆಗೇದ" ಎಂದಳು. ಭಂಗಾರವಾಲಾ ಎಂದರೆ ನಮ್ಮಲ್ಲಿ ಗುಜರಿಯವನು.

ನಾನು ಮುಚ್ಚಳ ತೆಗೆದೆ. ಡಾಕ್ಟರು ನನ್ನ ಉಪ್ಪಿಗೆ ಕತ್ತರಿ ಹಾಕಿದ ಮೇಲೆ ಆ ಭರಣಿಗೂ ಕೆಲಸ ತಪ್ಪಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಇಂಗು, ಮೆಂತ್ಯ, ಹಳೆಯ ಎಣ್ಣೆಯ ಘಾಟು ಒಳಗೇ ಕೂತಿತ್ತು. ಆ ವಾಸನೆಯ ಹಿಂದೆಯೇ ಒಂದು ದನಿ ಕೇಳಿದ ಹಾಗಾಯಿತು...

"ಜೂನಾ ಕಪಡಾ... ನಯಾ ಬರ್ತನ್!"

ಐವತ್ತರ ದಶಕದ ಮಾತು. ನಾವು ವಿಜಾಪುರದ ಕಡೆಯವರು. ಅಪ್ಪ ದಾದರಿನ ಹತ್ತಿರ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಅಪ್ಪ, ಅವ್ವ, ನಾನು, ಮೂವರೂ ಜೋಗೇಶ್ವರಿಯಲ್ಲಿ ತಗಡಿನ ಚಾವಣಿಯ ಸಾಲುಖೋಲಿಯೊಂದರಲ್ಲಿದ್ದೆವು. ಮುಂದೆ ಎಮ್ಮೆಗಳ ತಬೇಲಾ, ಹಿಂದೆ ನಾಲೆ. ಎರಡರ ನಡುವೆ ನಮ್ಮ ಓಣಿ. ಆ ಓಣಿಗೆ ವಾರಕ್ಕೊಮ್ಮೆ ಭಾಂಡೇವಾಲಿ ಬರುತ್ತಿದ್ದಳು. ಹಳೆಯ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವ ಹೆಂಗಸು. ತಲೆಯ ಮೇಲೆ ಬುಟ್ಟಿ ತುಂಬ ಅಲ್ಯೂಮಿನಿಯಮ್ಮಿನ ಜರ್ಮನ್ ಪಾತ್ರೆ, ಕಪ್ಪುಬಸಿ, ಭರಣಿ. ಬೆನ್ನಿಗೆ ಬಟ್ಟೆಯ ಗಂಟು. ಗಾಗ್ರಾದ ನೆರಿಗೆ ಬೀಸುತ್ತ ಅವಳು ಓಣಿಯ ಬಾಯಿಗೆ ಬಂದು ಎರಡು ಸಲ ಕೂಗಿದರೆ ತಬೇಲಾದ ಎಮ್ಮೆಗಳೂ ಕತ್ತೆತ್ತಿ ನೋಡುತ್ತಿದ್ದವು. ಪಕ್ಕದ ಖೋಲಿಯ ಬೆಳಗಾವಿಯ ಕಾಕು ಅವಳ ಗಂಟಲನ್ನು ಬೈಯದ ದಿನವಿಲ್ಲ. ಬೈದು, ಆಮೇಲೆ ತಾವೇ ಮೊದಲು ಹರಕು ಅಂಗಿ ಹಿಡಿದು ಹೊರಗೆ ಬರುತ್ತಿದ್ದರು.

ನಮ್ಮವ್ವನಿಗೆ ಚೌಕಾಶಿ ಎಂದರೆ ಹಬ್ಬದ ಊಟ. ಹೊಸ್ತಿಲಿನ ಆಚೆ ಅವಳು, ಈಚೆ ಇವಳು. ಅವ್ವನಿಗೆ ಹಿಂದಿ ಬಾರದು, ಅವಳಿಗೆ ಕನ್ನಡ ಬಾರದು. ಜಗಳಕ್ಕೆ ಅದರಿಂದ ಏನೂ ತೊಂದರೆಯಾಗುತ್ತಿರಲಿಲ್ಲ. ಮಾತು ಬೆಳೆದು ಅವಳು ಬುಟ್ಟಿ ಎತ್ತಿಕೊಂಡು ಓಣಿಯ ತುದಿಯವರೆಗೆ ಸಿಟ್ಟು ಮಾಡಿಕೊಂಡು ಹೋಗುವುದು, ಅವ್ವ ಕರೆಯುವುದು, ಅವಳು ತಿರುಗಿ ಬಂದು ಏನೂ ಆಗಿಲ್ಲವೆಂಬಂತೆ ನೀರು ಕೇಳಿ ಕುಡಿಯುವುದು... ಇದೆಲ್ಲ ಆಟದ ನಿಯಮ. ಬಟ್ಟೆಯನ್ನು ಅವಳು ಬೆರಳಿನಿಂದ ನೋಡುತ್ತಿರಲಿಲ್ಲ. ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಮೆತ್ತಗಿನ ಹಳೆಯ ನೂಲಿಗೆ ಕಾರ್ಖಾನೆಗಳಲ್ಲಿ ಬೇಡಿಕೆ ಇತ್ತಂತೆ, ಯಂತ್ರ ಒರೆಸಲು.

ಆ ಭರಣಿಯ ಮೇಲೆ ಅವ್ವನ ಕಣ್ಣು ಬಿದ್ದಾಗ ಭಾಂಡೇವಾಲಿಯ ಕಣ್ಣು ಅವ್ವನ ಇಳಕಲ್ ಸೀರೆಯ ಮೇಲೆ ಬಿದ್ದಿತ್ತು. ತವರಿನವರು ಮದುವೆಯಲ್ಲಿ ಕೊಟ್ಟ ನೂಲಿನ ಸೀರೆ ಅದು. ಹುಟ್ಟಿದಾಗ ನನ್ನನ್ನು ಸುತ್ತಿದ್ದೂ ಅದರಲ್ಲೇ. ಒಗೆದು ಒಗೆದು ಬಣ್ಣ ಹೋಗಿ ಬೆಣ್ಣೆಯ ಹಾಗಾಗಿತ್ತು. ಅವ್ವ ಕೊಡಲಿಲ್ಲ, ಕೊಡುತ್ತೇನೆಂದಳು, ಮತ್ತೆ ಕೊಡಲಿಲ್ಲ. ಕೊನೆಗೆ ಭರಣಿ ಒಳಗೆ ಬಂತು, ಸೀರೆ ಗಂಟು ಸೇರಿತು. ಆ ದಿನವೆಲ್ಲ ಅವ್ವ ಸೀರೆ ಇದ್ದ ಟ್ರಂಕನ್ನು ತೆಗೆದು ತೆಗೆದು ಮುಚ್ಚಿದಳು.

ಆ ವರ್ಷದ ಮಳೆಗಾಲದಲ್ಲಿ ನಾಲೆ ಉಕ್ಕಿತು. ಅಪ್ಪ ಕೆಲಸಕ್ಕೆ ಹೋದವರು ಲೋಕಲ್ ನಿಂತು ದಾದರಿನಲ್ಲೇ ಸಿಕ್ಕಿಕೊಂಡರು. ನೀರು ಖೋಲಿಯ ಒಲೆ ಮುಚ್ಚಿತು, ಗೂಡು ಮುಚ್ಚಿತು. ಅವ್ವ ಭರಣಿಯನ್ನು ಎತ್ತಿ ತೊಲೆಯ ಸಂದಿಗೆ ಕಟ್ಟಿದಳು. ಎಲ್ಲರೂ ಮುನಸಿಪಾಲ್ಟಿ ಶಾಲೆಯ ಮೇಲಿನ ಮಹಡಿಗೆ ಓಡಿದೆವು. ಒಬ್ಬರ ಕೈಯಲ್ಲಿ ಸ್ಟೋ, ಒಬ್ಬರ ತಲೆಯ ಮೇಲೆ ಟ್ರಂಕು, ಕಾಕುವಿನ ಕಂಕುಳಲ್ಲಿ ದೇವರ ಪೆಟ್ಟಿಗೆ. ಸೊಂಟದ ನೀರಿನಲ್ಲಿ ಭಾಂಡೇವಾಲಿಯೂ ಬಂದಳು. ಬುಟ್ಟಿ ಇಲ್ಲ. ಮೇಣಬಟ್ಟೆಯಲ್ಲಿ ಸುತ್ತಿದ ಬಟ್ಟೆಯ ಗಂಟೊಂದೇ ತಲೆಯ ಮೇಲೆ.

"ಅಯ್ಯ, ಜೀವಾ ಉಳಿಸ್ಕೊಳ್ಳೂ ಹೊತ್ತಿನ್ಯಾಗ ಚಿಂದಿ ಹೊತ್ಕೊಂಡ ಬಂದಾಳಲ್ರೀ ಈಕಿ!" ಎಂದು ಕಾಕು ನಕ್ಕರು. ಉಳಿದವರೂ ನಕ್ಕರು. ಭಾಂಡೇವಾಲಿಗೆ ಮಾತು ತಿಳಿಯದಿದ್ದರೂ ನಗೆ ತಿಳಿಯಿತು.

"ಬರ್ತನ್ ಪಾನೀ ಮೇ ಸಡತಾ ಹೈ ಕ್ಯಾ?" ಎಂದಳು. ಪಾತ್ರೆ ನೀರಿನಲ್ಲಿ ಕೊಳೆಯುತ್ತದೆಯೇ, ಬಟ್ಟೆ ತಾನೇ ಕೊಳೆಯುವುದು? ಅವಳ ಲೆಕ್ಕ ಸರಿಯಾಗಿಯೇ ಇತ್ತು.

ಮರುದಿನ ರಸ್ತೆಯ ಏರಿನವರೆಗೆ ಲಾರಿಯೊಂದು ಬಂತು. ಗಂಡಸರು ನೀರಿಗಿಳಿದು ಹೋಗಿ ಬ್ರೆಡ್ಡು, ಚುರುಮುರಿ, ಕಂಬಳಿ ಹೊತ್ತು ತಂದರು. ಜೊತೆಗೆ ಒಬ್ಬ ಡಾಕ್ಟರು ಬಂದು ಶಾಲೆಯ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದರು. ಜ್ವರ ಇದೆಯೇ? ವಾಂತಿ? ಭೇದಿ? ಗಂಡಸರು ಇಲ್ಲ, ಇಲ್ಲ, ಇಲ್ಲ ಎಂದರು. ಒಳ್ಳೆಯವರೇ ಪಾಪ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟರು. ಹೆಂಗಸರಿಗೆ ಬೇಕಾದದ್ದು ಆ ಲಾರಿಯಲ್ಲೂ ಇರಲಿಲ್ಲ, ಆ ಪ್ರಶ್ನೆಗಳಲ್ಲೂ ಇರಲಿಲ್ಲ.

ಅಷ್ಟು ಹೆಂಗಸರಿದ್ದ ಕಡೆ ಮುಟ್ಟಾದವರು ಇರಲೇಬೇಕಲ್ಲ. ನಮ್ಮಲ್ಲಿ ಅದಕ್ಕೆ 'ಹೊರಗ ಕೂಡೂದು' ಎನ್ನುತ್ತಿದ್ದರು. ಹೊರಗೆ ಎಲ್ಲಿ ಕೂಡುವುದು? ಹೊರಗೆಲ್ಲ ನೀರು. ಉಟ್ಟ ಸೀರೆಯೂ ಒದ್ದೆ, ಟ್ರಂಕಿನ ಸೀರೆಯೂ ಒದ್ದೆ. ಒಂದು ಒಣ ಚೂರಿಗಾಗಿ ಒಬ್ಬರ ಮುಖ ಒಬ್ಬರು ನೋಡುತ್ತ, ಬಾಯಿ ಬಿಡದೆ ಗೋಡೆಗಂಟಿಕೊಂಡು ಕೂತಿದ್ದರು. ಆಗ ಪರ್ರೆಂದು ಬಟ್ಟೆ ಹರಿಯುವ ಸದ್ದಾಯಿತು. ಭಾಂಡೇವಾಲಿ ಗಂಟು ಬಿಚ್ಚಿದ್ದಳು. ಆ ಕೋಣೆಯಲ್ಲಿ ಒಣಗಿದ್ದ ಮೆತ್ತನೆಯ ಬಟ್ಟೆ ಅದೊಂದೇ. ಯಾರನ್ನೂ ಏನೂ ಕೇಳದೆ ಒಂದೊಂದೇ ಸೀರೆ ಹರಿದು, ಮಡಿಚಿ, ಗೋಡೆಯ ಸಾಲಿಗೆ ಹಂಚುತ್ತ ಬಂದಳು. ಮಾರಿ ಹೊಟ್ಟೆ ಹೊರೆಯಬೇಕಾದ ಮಾಲು ಅದು. ಕಾಕು ತಾವು ಕೊಟ್ಟ ಪಾತಳ ಸೀರೆಯನ್ನೇ ಗುರುತು ಹಿಡಿದು ಕೈ ಚಾಚಿದರು. ಈ ಸಲ ಯಾರೂ ನಗಲಿಲ್ಲ.

ಹಂಚುತ್ತ ಹಂಚುತ್ತ ಅವಳು ಕರಿಹಲಗೆಯ ಕೆಳಗಿನ ಮೂಲೆಗೆ ಬಂದಳು. ಅಲ್ಲಿ ಅವ್ವ ಮಲಗಿದ್ದಳು.

ಅವ್ವ ಬಸುರಿಯಾಗಿದ್ದಳು. ಹೊಟ್ಟೆ ಇನ್ನೂ ಕಾಣಿಸುತ್ತಿರಲಿಲ್ಲ. ಬೆಳಗಿನಿಂದ ಅವಳಿಗೆ ರಕ್ತ ಹೋಗುತ್ತಿತ್ತು. ಹನ್ನೆರಡರ ಹುಡುಗಿಯಾದ ನನಗೆ ಅದು ಏನೆಂದು ತಿಳಿಯದು. ಅವ್ವನ ತುಟಿ ಬಿಳಿಚಿಕೊಂಡದ್ದು, ಕೈ ತಣ್ಣಗಾದದ್ದು ಮಾತ್ರ ತಿಳಿದಿತ್ತು. "ಯಾರ ಮುಂದೂ ಹೇಳಬ್ಯಾಡ" ಎಂದು ಅವ್ವ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಕಾಕುವಿಗೆ ಗೊತ್ತಾಗಿತ್ತು. ಅವರೂ ಪಿಸುದನಿಯಲ್ಲಿ, "ಗಂಡಸರ ಮುಂದ ಇಂಥಾದ್ದು ಹ್ಯಾಂಗ ಹೇಳೂದವಾ? ನಿಮ್ಮಪ್ಪ ಬರ್ಲಿ ತಡಿ" ಎಂದರು. ಅಪ್ಪ ಎಲ್ಲಿಂದ ಬರಬೇಕು? ನಾನು ಅವ್ವನ ಪಾದ ಉಜ್ಜುತ್ತ ಕೂತಿದ್ದೆ. ಅವ್ವ ಸತ್ತುಹೋಗುತ್ತಾಳೆ ಎಂದೇ ನನಗೆ ಅನ್ನಿಸಿಬಿಟ್ಟಿತ್ತು. ಅಷ್ಟು ಹೆದರಿಕೆ ಆಮೇಲೆ ಜನ್ಮದಲ್ಲಿ ಪಟ್ಟಿಲ್ಲ.

ಭಾಂಡೇವಾಲಿ ಬಗ್ಗಿ ಅವ್ವನ ಹಣೆ ಮುಟ್ಟಿದಳು. ಹೊದಿಕೆ ಸರಿಸಿ ನೋಡಿದಳು. ಗಂಟಿನ ತಳಕ್ಕೆ ಕೈ ಹಾಕಿ ಎಳೆದದ್ದು ಆ ಇಳಕಲ್ ಸೀರೆಯನ್ನೇ.

"ಇದು... ನಂದು" ಎಂದಳು ಅವ್ವ.

"ಹಾಂ ಬಾಯಿ, ತುಮ್ಹಾರಾಚ್ ಹೈ."

ಹೌದಮ್ಮ, ನಿನ್ನದೇ ಎಂದು. ಒಮ್ಮೆ ಅದನ್ನು ಕೆನ್ನೆಗೆ ಒತ್ತಿಕೊಂಡು, ಹರಿದಳು. ಒಂದು ತುಂಡು ತೋಯಿತು, ಇನ್ನೊಂದೂ ತೋಯಿತು. ಅಷ್ಟರಲ್ಲಿ ಕೆಳಗೆ ಡಾಕ್ಟರು ಗಂಡಸರಿಗೆಲ್ಲ ಕಾಲರಾ ಸೂಜಿ ಚುಚ್ಚಿ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು ಲಾರಿಯತ್ತ ಹೊರಟಿದ್ದರು. ನೀರಿನಲ್ಲಿ ಆಗಲೇ ಸಾಕಷ್ಟು ದೂರ ಹೋಗಿದ್ದರು.

ಭಾಂಡೇವಾಲಿ ಗ್ಯಾಲರಿಗೆ ಓಡಿದಳು. ಕೈ ಬಾಯಿಗೆ ಅಡ್ಡ ಹಿಡಿದು, ಓಣಿಯಲ್ಲಿ ಕೂಗುವ ಅದೇ ದನಿಯಲ್ಲಿ, ಅದೇ ಎಳೆತದಲ್ಲಿ ಕೂಗಿದಳು.

"ಏ ದಾಕ್ತರ್ ಸಾಬ್! ಬಾಯಿ ಕಾ ಪೇಟ್ ಗಿರಾ ಹೈ! ಖೂನ್ ನಹೀ ರುಕತಾ!"

ಬಸಿರು ಇಳಿದಿದೆ, ರಕ್ತ ನಿಲ್ಲುತ್ತಿಲ್ಲ... ಅಷ್ಟು ಜನ ಗಂಡಸರ ಎದುರು, ಇಡೀ ಜೋಗೇಶ್ವರಿಗೆ ಕೇಳುವ ಹಾಗೆ! ಕೆಳಗಿದ್ದ ಗಂಡಸರು ತಲೆ ತಗ್ಗಿಸಿದರು. ಕಾಕು ಸೆರಗಿನಿಂದ ಮುಖ ಮುಚ್ಚಿಕೊಂಡರು. ಅವಳು ಮತ್ತೊಮ್ಮೆ ಕೂಗಿದಳು. ಓಣಿಯಲ್ಲೂ ಅವಳದು ಎರಡು ಕೂಗು ತಾನೇ. ಎರಡನೆಯದಕ್ಕೆ ಡಾಕ್ಟರು ನಿಂತರು, ತಿರುಗಿ ನೋಡಿದರು, ನೀರು ಚಿಮ್ಮಿಸುತ್ತ ಓಡಿ ಬಂದರು.

ತಲೆ ತಗ್ಗಿಸಿದ್ದ ಗಂಡಸರೇ ಆಮೇಲೆ ಶಾಲೆಯ ಬೆಂಚಿನ ಮೇಲೆ ಅವ್ವನನ್ನು ಮಲಗಿಸಿ, ಹೆಗಲ ಮೇಲೆ ಹೊತ್ತು ಲಾರಿಗೆ ಸೇರಿಸಿದರು. ಹೇಳಿದ್ದರೆ ಮೊದಲೇ ಮಾಡುತ್ತಿದ್ದರೇನೋ. ಹೇಳುವವರು ಬೇಕಿತ್ತಷ್ಟೇ. ಭಾಂಡೇವಾಲಿ ನನ್ನನ್ನು ಬೆನ್ನಿಗೇರಿಸಿಕೊಂಡು ನೀರು ದಾಟಿ ಲಾರಿ ಹತ್ತಿದಳು. ಅಂಧೇರಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಅವಳ ಗಾಗ್ರಾ, ಮೂಗಿನ ನತ್ತು ನೋಡಿ, ನೀನು ಇವಳಿಗೆ ಯಾರು ಎಂದು ಮರಾಠಿಯಲ್ಲಿ ಕೇಳಿದರು.

"ಬಹೀಣ" ಎಂದಳು. ಅಕ್ಕತಂಗಿ. ನರ್ಸಮ್ಮ ಒಳಗೆ ಬಿಟ್ಟರು.

ಮಗು ಹೋಯಿತು. ಅವ್ವ ಉಳಿದಳು. ಹಳಿಗುಂಟ ನಡೆದು, ಅವರಿವರನ್ನು ಕೇಳಿಕೊಂಡು ಅಪ್ಪ ಆಸ್ಪತ್ರೆ ತಲುಪುವ ಹೊತ್ತಿಗೆ ಭಾಂಡೇವಾಲಿ ಹೊರಟುಹೋಗಿದ್ದಳು.

ನೀರಿಳಿದು ಖೋಲಿಗೆ ಬಂದರೆ ತೊಲೆಯ ಸಂದಿಯಲ್ಲಿ ಭರಣಿ ಹಾಗೇ ಇತ್ತು. ಗಣೇಶನ ಹಬ್ಬ ಕಳೆದ ಮೇಲೆ ಓಣಿಯಲ್ಲಿ ಮತ್ತೆ ಆ ಕೂಗು ಕೇಳಿತು. ಅವ್ವ ಭರಣಿಯನ್ನು ಎತ್ತಿ ತಂದು ಹೊಸ್ತಿಲ ಮೇಲಿಟ್ಟಳು. ತನ್ನ ಹರಕು ಹಿಂದಿಯಲ್ಲಿ, "ಸಾಡಿ ವಾಪಸ್ ಆಯಾ ನಾ? ತೋ ಭರಣೀ ತುಮ್ಹಾರಾ" ಎಂದಳು. ಸೀರೆ ನನಗೆ ತಿರುಗಿ ಬಂದಮೇಲೆ ಸೌದಾ ಮುರಿಯಿತು, ವ್ಯಾಪಾರ ರದ್ದಾಯಿತು, ನಿನ್ನ ಭರಣಿ ನೀನು ಒಯ್ಯಿ ಎಂಬುದು ಅವ್ವನ ನ್ಯಾಯ. ಸೌದಾ ಒಮ್ಮೆ ಆದದ್ದು ಆಯಿತು ಎಂಬುದು ಅವಳ ನ್ಯಾಯ. ಚೌಕಾಶಿ ಶುರುವಾಯಿತು ನೋಡಿ! ಕೊಡುತ್ತೇನೆ ಎಂದು ಇವಳು, ಒಲ್ಲೆ ಎಂದು ಅವಳು. ಸಿಟ್ಟು ಮಾಡಿಕೊಂಡು ಓಣಿಯ ತುದಿಯವರೆಗೆ ಹೋದಳು, ಅವ್ವ ಕರೆದಳು, ತಿರುಗಿ ಬಂದು ನೀರು ಕುಡಿದಳು. ಇಬ್ಬರೂ ನಗುತ್ತಿದ್ದರು, ಇಬ್ಬರ ಕಣ್ಣಲ್ಲೂ ನೀರು. ಕೊನೆಗೆ ಎಲೆಯ ತುಂಬ ಮಾವಿನ ಉಪ್ಪಿನಕಾಯಿ ಹಾಕಿಸಿಕೊಂಡು ಎದ್ದಳು.

"ರಖೋ ಬಾಯಿ. ಬಾದ್ ಮೇ ದೇಖೇಂಗೇ."

ಇಟ್ಟುಕೋ, ಆಮೇಲೆ ನೋಡೋಣ ಎಂದು.

ಮುಂದಿನ ವರ್ಷ ನಾನು ದೊಡ್ಡವಳಾದೆ. ಕಾಕು ಬಾಗಿಲಾಚೆ ಗೋಣಿತಾಟು ಹಾಸಲು ಬಂದರು. ಅವ್ವ ಅದನ್ನು ಸುತ್ತಿ ಅವರ ಕೈಗೇ ಕೊಟ್ಟಳು. "ಹೊರಗ ಕುಂತದ್ದು ಸಾಕ್ರಿ. ನನ್ನ ಮಗಳು ಒಳಗ ಕೂಡ್ತಾಳ" ಎಂದಳು. ಉಪ್ಪಿನಕಾಯಿಯನ್ನೂ ನನ್ನ ಕೈಯಿಂದಲೇ ತೆಗೆಸಿದಳು. ಅದು ಕೆಡಲಿಲ್ಲ.

ಭಾಂಡೇವಾಲಿ ಇನ್ನೂ ಕೆಲವು ವರ್ಷ ಬಂದಳು. ಆಮೇಲೆ ಬರುವುದು ನಿಂತಿತು... ಊರಿಗೆ ಹೋದಳೋ, ಏನಾದಳೋ. ಓಣಿಗೆ ಬೇರೆಯವರು ಬಂದರು, ಪಾತ್ರೆ ಸ್ಟೀಲಿನದಾಯಿತು. ಅವ್ವ ಮಾತ್ರ ಅವರಾರಿಗೂ ಒಂದು ಹಳೆಯ ಸೀರೆ ಕೊಡಲಿಲ್ಲ. "ಆಕಿ ಬರ್ತಾಳ" ಎನ್ನುತ್ತಿದ್ದಳು. ಅವ್ವ ಹೋದ ಮೇಲೆ ಅವಳ ಟ್ರಂಕು ತೆಗೆದೆವು. ಮೇಣಬಟ್ಟೆಯಲ್ಲಿ ಸುತ್ತಿದ ಗಂಟು. ಒಳಗೆ ಅವ್ವ ಉಟ್ಟು ಬಿಟ್ಟ ನೂಲಿನ ಸೀರೆಗಳೆಲ್ಲ ಒಗೆದು, ಒಣಗಿಸಿ, ಮಡಿಚಿಟ್ಟ ಹಾಗೇ ಇದ್ದವು. ಮೇಲಿನದೊಂದನ್ನು ಕೆನ್ನೆಗೆ ಒತ್ತಿ ನೋಡಿದೆ. ಮೆತ್ತಗಿತ್ತು. ಅಲ್ಲೇ ಕೂತು ಅತ್ತೆ.

ಭಾಂಡೇವಾಲಿಯೂ ಈಗ ಇರಲಿಕ್ಕಿಲ್ಲ. ಇದ್ದರೆ ನೂರು ದಾಟಿರಬೇಕು. ಗೊತ್ತು ನನಗೆ.

ಸೊಸೆ ಭರಣಿ ಹಿಡಿದು ಇನ್ನೂ ನಿಂತೇ ಇದ್ದಳು. "ಅತ್ತಿ, ಭಂಗಾರವಾಲಾ ಕೆಳಗ ಬಂದಾನ. ಕೊಡ್ಲೋ ಬ್ಯಾಡೋ?"

"ಬ್ಯಾಡವಾ" ಎಂದೆ. "ಮ್ಯಾಲ ಇಡು. ಅದರ ಸೌದಾ ಇನ್ನಾ ಮುಗದಿಲ್ಲ."