ಸೌದಾಮಿನಿ ಸರಿ ಮಾಡಿಸಿದ ಲೇಸರ್

ಮಂಜೇಶ್ವರದ ಸೌದಾಮಿನಿಗೆ ಮೂಗಿನ ತುದಿಯಲ್ಲೇ ಕೋಪ, ಆದರೆ ಕೆಲಸದಲ್ಲಿ ಎತ್ತಿದ ಕೈ. ದೂರದ ಊರಿನ ಪ್ರಯೋಗಾಲಯವೊಂದರಲ್ಲಿ ಅವಳು ಪರಮಾಣುಗಳನ್ನು ಲೇಸರಿನಿಂದ ತಣಿಸಿ ತಣಿಸಿ ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತಿದ್ದಳು. ಆಮೇಲೆ ಲೇಸರಿನಿಂದಲೇ ಅವುಗಳಿಗೆ ಮೆಟ್ಟಿಲು ಕಟ್ಟುವುದು. ಕಲ್ಲಿಲ್ಲ, ಮಣ್ಣಿಲ್ಲ, ಬರೀ ಬೆಳಕು. ನಡುವಿನ ಮೆಟ್ಟಿಲಲ್ಲಿ ಬಿಟ್ಟ ಪರಮಾಣು ಎರಡೂ ಕಡೆಗೆ ಹರಡಬೇಕು. ಹರಡದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅವಳ ನಂಬಿಕೆ.

ತನ್ನೂರಿನ ಹತ್ತಿರದ ಮಂಗಲ್ಪಾಡಿಯ ಸುಜನ್ ಅಲ್ಲಿಗೆ ಸಂಶೋಧನೆಗೆ ಬಂದಾಗ ಅವಳಿಗೆ ಹಿಗ್ಗೋ ಹಿಗ್ಗು. ಹಾಸ್ಟೆಲಿನ ಊಟ ಸೇರದ ಅವನಿಗೆ ಕುಚ್ಚಲಕ್ಕಿ ಗಂಜಿ ಬಡಿಸಿ ತಮ್ಮನಂತೆ ನೋಡಿಕೊಂಡಳು. ಲೇಸರ್ ಹಿಡಿಯಲು ಕಲಿಸಿದವಳೂ ಅವಳೇ.

ಒಂದು ದಿನ ಸುಜನ್ ಓಡಿಬಂದ. ಮೆಟ್ಟಿಲುಗಳ ನಡುವೆ ಎರಡೆರಡು ದಾರಿ ಮಾಡಿ, ಒಂದರ ಬೆಳಕಿನ ಅಲೆಯನ್ನು ತುಸು ಬದಲಿಸಿದ್ದನಂತೆ. ಪರಮಾಣುಗಳು ಬಿಟ್ಟ ಜಾಗದ ಆಸುಪಾಸಿನಲ್ಲೇ ಉಳಿದವಂತೆ. ತಡೆ ಎಲ್ಲೂ ಇಲ್ಲ ಅಕ್ಕ, ಎರಡು ದಾರಿಯಿಂದ ಬಂದ ಅಲೆಗಳು ಒಂದನ್ನೊಂದು ಅಳಿಸುತ್ತವೆ, ಅದಕ್ಕೇ ಮುಂದೆ ಹೋಗುವುದಿಲ್ಲ ಎಂದು ವಿವರಿಸಹೊರಟ. ಸೌದಾಮಿನಿ ಪೂರ್ತಿ ಕೇಳಲಿಲ್ಲ.

"ಅದರಲ್ಲಿ ಎಂತ ಉಂಟು? ಲೇಸರ್ ಜರುಗಿದ್ದು ಮಾರಾಯ. ಸರಿ ಮಾಡಿ ಪುನಃ ನೋಡು."

ಹಿತ್ತಲ ಗಿಡ ಮದ್ದಲ್ಲ ಎಂಬ ರೋಗ ಎಷ್ಟು ಓದಿದವರನ್ನೂ ಬಿಡುವುದಿಲ್ಲ. ಸುಜನ್ ಮರುಮಾತಾಡದೆ ಎಲ್ಲವನ್ನೂ ಮೊದಲಿನಂತೆ ಮಾಡಿದ. ಪರಮಾಣುಗಳು ಹರಡಿದವು, ಅವಳು ಬೆನ್ನು ತಟ್ಟಿದಳು. ಮರುವರ್ಷ ಹೊರದೇಶದ ತಂಡವೊಂದು ಅದೇ ಹರಡದ ಪರಮಾಣುಗಳನ್ನು ತೋರಿಸಿ ಹೆಸರು ಮಾಡಿತು. ಸುಜನ್ ಸಂಶೋಧನೆ ಬಿಟ್ಟು ಊರಿಗೆ ಬಂದ.

ಈಗ ಅವನು ಉಪ್ಪಳದಲ್ಲಿ ಪ್ಲಸ್ ಟು ಮಕ್ಕಳಿಗೆ ಟ್ಯೂಷನ್ ಕೊಡುತ್ತಾನೆ. ಸೌದಾಮಿನಿ ಮಂಗಳೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಮಕ್ಕಳಿಗೆ ಹೇಳುವವಳಿಗೆ ತನ್ನ ಕೊರಗನ್ನು ಮಾತ್ರ ನುಂಗಲಾಗಲಿಲ್ಲ. ಅವನ ಬದುಕನ್ನು ತಾನೇ ಹಾಳು ಮಾಡಿದೆ ಎಂಬ ಸಂಕಟ.

ಕಳೆದ ತಿಂಗಳು ಬೈಗುಳಕ್ಕೆ ತಯಾರಾಗಿಯೇ ಅವನಲ್ಲಿಗೆ ಹೋದಳು. ಸುಜನ್ ಕುರ್ಚಿ ಕೊಟ್ಟ, ಚಹಾ ತರಿಸಿದ. ತಪ್ಪಾಯಿತು ಎಂದಳು. ಸರಿಯೆಂದು ಗೊತ್ತಿದ್ದೂ ಅವತ್ತು ಯಾಕೆ ಹಟ ಹಿಡಿಯಲಿಲ್ಲ ಎಂದು ಕೇಳಿದಳು.

ಅವನು ಚಹಾದ ಲೋಟವನ್ನು ಅವಳ ಕಡೆಗೆ ಸರಿಸಿದ.

"ಬೇರೆ ಯಾರಾದ್ರೂ ಹೇಳಿದ್ರೆ ಜಗಳ ಮಾಡ್ತಿದ್ದೆ. ಹೇಳಿದ್ದು ನೀವಲ್ವಾ ಅಕ್ಕ."